ಕಿಸೆಯೊಳಗಿನ ತಾಳಮದ್ದಳೆ

ಸಂಗೀತ ಕೇಳುವುದಕ್ಕೆ ಮೊಬೈಲು ಸಾಕೆ, ಅಥವಾ ಅದಕ್ಕೆಂದೇ ಮಾಡಿದ ದೊಡ್ಡ ಯಂತ್ರಗಳು ಬೇಕೆ ಎಂಬ ಪ್ರಶ್ನೆಯನ್ನು ಈಗ ಎತ್ತುವವರು ಎರಡು ಬಗೆ. ಒಬ್ಬರು ಅಂಗಡಿಯವರು, ಅವರಿಗೆ ಉತ್ತರ ಮೊದಲೇ ಗೊತ್ತು. ಇನ್ನೊಬ್ಬರು ಆಗಲೇ ಹಣ ತೆತ್ತು ದೊಡ್ಡ ಯಂತ್ರವನ್ನು ಮನೆಗೆ ತಂದವರು. ಅವರ ಉತ್ತರ ಬೇರೆಯಾಗುವ ಸಂಭವವೇ ಇಲ್ಲ. ಇವರಿಬ್ಬರ ವಾದದಲ್ಲಿ ಯಾವಾಗಲೂ ಕಾಣೆಯಾಗುವುದು ಒಂದೇ ಮಾತು: ಯಾವ ಸಂಗೀತ? ವೀಣೆಗೆ ಸಾಕಾದುದು ಪಂಚವಾದ್ಯಕ್ಕೆ ಸಾಲದು. ಸುಗಮ ಸಂಗೀತಕ್ಕೆ ಬೇಡವಾದುದು ಭೂತಕೋಲದ ವಾದ್ಯಕ್ಕೆ ಬೇಕಾದೀತು. ಸುಳ್ಯದ ಮಗ್ಗುಲಿನ ಅಜ್ಜಾವರದಲ್ಲಿ ಕುಳಿತು ಬರೆಯುವವನಿಗೆ ಹಾಡು ಎಂದೊಡನೆ ಕಿವಿಗೆ ಬರುವುದು ಭಾಗವತರ ಪದ, ಮದ್ದಳೆಯ ನುಡಿತ, ಚೆಂಡೆಯ ಪೆಟ್ಟು, ಇವುಗಳ ನಡುವೆ ಅರ್ಥಧಾರಿಯ ಮಾತು. ಆದುದರಿಂದ ಈ ಪ್ರಶ್ನೆಯನ್ನು ತಾಳಮದ್ದಳೆಯ ಮೇಲಿಟ್ಟು ನೋಡಬೇಕೆಂದು ನನ್ನ ಉದ್ದೇಶ.

ತಾಳಮದ್ದಳೆ ನಮ್ಮಲ್ಲಿ ಮಳೆಗಾಲದ ಬೆಳೆ. ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೀಪಾವಳಿ ಕಳೆದು ಮತ್ತೆ ಹೊರಡುವ ತನಕ ವೇಷವಿಲ್ಲ, ರಂಗಸ್ಥಳವಿಲ್ಲ. ಆ ತಿಂಗಳುಗಳಲ್ಲಿ ದೇವಸ್ಥಾನದ ಚಾವಡಿಯಲ್ಲೋ ಮನೆಯ ಜಗಲಿಯಲ್ಲೋ ಶಾಲೆಯ ಹಾಲಿನಲ್ಲೋ ನಾಲ್ಕಾರು ಮಂದಿ ಬಿಳಿ ಪಂಚೆ ಉಟ್ಟು ಕುಳಿತರೆ ಅದೇ ಕುರುಕ್ಷೇತ್ರ, ಅದೇ ಕಿಷ್ಕಿಂಧೆ. ಕಣ್ಣಿಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ. ಬಣ್ಣ, ಕಿರೀಟ, ಕುಣಿತಗಳನ್ನೆಲ್ಲ ಕಿವಿಯೇ ಕಟ್ಟಿಕೊಳ್ಳಬೇಕು. ಯಂತ್ರದ ಮೂಲಕ ಕೇಳುವುದಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ ಕಲೆ ಇನ್ನೊಂದಿಲ್ಲವೆಂದು ಯಾರಿಗಾದರೂ ತೋರುವುದು ಸಹಜ. 1976ರಲ್ಲಿ ಮಂಗಳೂರಿಗೆ ಆಕಾಶವಾಣಿ ಬಂದ ಮೇಲೆ ತಾಳಮದ್ದಳೆ ರೇಡಿಯೋವನ್ನು ಏರಿತು. 1980ರ ದಶಕದಲ್ಲಿ ಕ್ಯಾಸೆಟ್ಟು ಬಂದಾಗ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥ, ಅವರನ್ನು ಸಭೆಯಲ್ಲಿ ಒಮ್ಮೆಯೂ ಕಾಣದವರ ಮನೆಯನ್ನೂ ಹೊಕ್ಕಿತು. 2020ರ ಮಾರ್ಚ್ ತಿಂಗಳಲ್ಲಿ ಮೇಳಗಳ ತಿರುಗಾಟ ಅರ್ಧಕ್ಕೇ ನಿಂತ ಮೇಲಂತೂ ತಾಳಮದ್ದಳೆ ಮೊಬೈಲಿನೊಳಗೇ ಬಂದು ಕುಳಿತಿತು. ಈಗ ಅದು ಅಲ್ಲಿಂದ ಏಳುವ ಲಕ್ಷಣವಿಲ್ಲ.

ಮೊದಲು ಮೊಬೈಲಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. ಮನುಷ್ಯನ ಕಿವಿ, ಅದೂ ಎಳೆಯ ಪ್ರಾಯದಲ್ಲಿ, ಸೆಕೆಂಡಿಗೆ 20 ಕಂಪನಗಳಿಂದ 20,000 ಕಂಪನಗಳವರೆಗಿನ ನಾದವನ್ನು ಹಿಡಿಯುತ್ತದೆ. ನಲವತ್ತು ದಾಟಿದ ನಮ್ಮಂಥವರಿಗೆ ಮೇಲಿನ ಅಂಚು ಆಗಲೇ ಸವೆದಿರುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕು ನಾದವನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕೆಗಳಲ್ಲಿ ಬರೆದಿಟ್ಟಿತು. ಕಿವಿಯ ಮೇಲಂಚಿನ ಎರಡು ಪಟ್ಟಿಗಿಂತ ತುಸು ಹೆಚ್ಚು ಸಲ ಅಳೆದರೆ ಆ ಅಂಚಿನ ಒಳಗಿನ ನಾದವೆಲ್ಲ ಹಿಡಿತಕ್ಕೆ ಬರುತ್ತದೆ ಎಂಬ ಗಣಿತವೇ ಆ ಸಂಖ್ಯೆಯ ಹಿಂದಿರುವುದು. ಆ ಅಂಕೆಗಳನ್ನು ಮತ್ತೆ ನಾದವಾಗಿಸುವ ಕೆಲಸವನ್ನು ಇಂದಿನ ಒಂದು ಸಾಧಾರಣ ಮೊಬೈಲಿನ ಸಣ್ಣ ಚಿಪ್ಪು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತದೆಂದರೆ, ಅದರ ತಪ್ಪುಗಳು ಬಹುಮಟ್ಟಿಗೆ ಮಾನವ ಶ್ರವಣದ ಕೆಳಗೇ ಉಳಿಯುತ್ತವೆ.

ಡಿಸ್ಕಿಗಿಂತ ಸೂಕ್ಷ್ಮವಾದ ಧ್ವನಿಮುದ್ರಣಗಳು ಬಂದಾಗ ಅಮೆರಿಕದ ಬಾಸ್ಟನ್ನಿನ ಮೇಯರ್ ಮತ್ತು ಮೊರಾನ್ ಎಂಬ ಇಬ್ಬರು ಒಂದು ಪರೀಕ್ಷೆ ನಡೆಸಿ 2007ರಲ್ಲಿ ಪ್ರಕಟಿಸಿದರು. ಸೂಕ್ಷ್ಮ ಮುದ್ರಣ ಯಾವುದು, ಅದನ್ನೇ ಡಿಸ್ಕಿನ ಮಟ್ಟಕ್ಕೆ ಇಳಿಸಿದುದು ಯಾವುದು ಎಂದು ಕೇಳುಗರು ಹೇಳಬೇಕು, ಹೆಸರುಪಟ್ಟಿ ಕಾಣುವಂತಿಲ್ಲ. 554 ಸಲದ ಪರೀಕ್ಷೆಯಲ್ಲಿ 276 ಉತ್ತರ ಸರಿಯಾದುವು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಈ ಪರೀಕ್ಷೆಯ ಮೇಲೆ ಆಕ್ಷೇಪಗಳು ಬಂದುವು, ವಾದಗಳಾದುವು. ಅದೇನೇ ಇರಲಿ, ಒಂದು ಮೊಳ ತಂತಿಗೆ ಒಂದು ತಿಂಗಳ ಸಂಬಳ ಸುರಿದು, ಅದರಿಂದ ಮದ್ದಳೆಯ ಚರ್ಮದ ವಾಸನೆಯೂ ಬರುತ್ತದೆ ಎನ್ನುವ ಹೈ-ಫೈ ಭಕ್ತರ ಮಾತಿಗೆ ತಲೆಯಾಡಿಸುವುದು ಆ ಸಂಖ್ಯೆಗಳನ್ನು ಓದಿದ ಮೇಲೆ ಕಷ್ಟ. ಕೊಂಡ ಬೆಲೆಯೂ ಕಿವಿಯೊಳಗೆ ಹೋಗಿ ಕೂರುವುದುಂಟು.

ಹಾಗಾದರೆ ಮೊಬೈಲು ಸೋಲುವುದೆಲ್ಲಿ? ಅದರ ಬುದ್ಧಿಯಲ್ಲಿ ಕೊರತೆಯಿಲ್ಲ, ದೇಹದಲ್ಲಿದೆ. ಸ್ಪೀಕರೆಂದರೆ ಗಾಳಿಯನ್ನು ತಳ್ಳುವ ಒಂದು ಪೊರೆ. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ ಅಷ್ಟೇ ಗಟ್ಟಿಯಾಗಿ ಕೇಳಿಸಬೇಕಾದ ಪೊರೆ ನಾಲ್ಕು ಪಟ್ಟು ದೂರ ಹಿಂದುಮುಂದಾಗಬೇಕು. ಎರಡು ಸ್ಥಾಯಿ ಇಳಿದರೆ ಹದಿನಾರು ಪಟ್ಟು. ಉಗುರಿನಷ್ಟಗಲದ ಪೊರೆಗೆ, ಬೆರಳ ದಪ್ಪವೂ ಇಲ್ಲದ ಪೆಟ್ಟಿಗೆಯೊಳಗೆ, ಅಷ್ಟು ಓಡಾಡಲು ಎಡೆಯೆಲ್ಲಿ? ಆದುದರಿಂದ ಸೆಕೆಂಡಿಗೆ ನಾನೂರು ಐನೂರು ಕಂಪನಗಳಿಂದ ಕೆಳಗಿನ ನಾದ ಮೊಬೈಲಿನ ಬಾಯಲ್ಲಿ ಸೊರಗುತ್ತ ಹೋಗಿ, ಇನ್ನೂರರ ಕೆಳಗೆ ಹೆಚ್ಚುಕಡಮೆ ಇಲ್ಲವೇ ಆಗುತ್ತದೆ. ದೊಡ್ಡ ಸ್ಪೀಕರಿನ ಗಾತ್ರ ಶೋಕಿಯಲ್ಲ. ತಗ್ಗಿನ ನಾದಕ್ಕೆ ಅಷ್ಟು ಗಾಳಿ ಬೇಕು.

ಇಲ್ಲಿ ಒಂದು ವಿಚಿತ್ರವಿದೆ. ಗಂಡಸಿನ ಮಾತಿನ ಮೂಲಸ್ವರ ಸಾಮಾನ್ಯವಾಗಿ ನೂರು ನೂರೈವತ್ತು ಕಂಪನಗಳದು. ಹಳೆಯ ತಂತಿ ದೂರವಾಣಿ ಸುಮಾರು 300ರಿಂದ 3,400ರವರೆಗಿನ ಕಂಪನಗಳನ್ನು ಮಾತ್ರ ಸಾಗಿಸುತ್ತಿತ್ತು. ಅಂದರೆ ನಮ್ಮ ತಂದೆಯವರ ದನಿಯ ಬುಡವೇ ಆ ತಂತಿಯಲ್ಲಿ ಬರುತ್ತಿರಲಿಲ್ಲ. ಆದರೂ "ಹಲೋ" ಎಂದೊಡನೆ ಇಂಥವರೆಂದು ತಿಳಿಯುತ್ತಿತ್ತು. ದನಿ ಕೀರಲಾಗಿದೆ ಎನಿಸಿದರೂ ಸ್ಥಾಯಿ ಏರಿತೆಂದು ಅನಿಸುತ್ತಿರಲಿಲ್ಲ. ಮೂಲಸ್ವರ ಇಲ್ಲದಿದ್ದರೂ ಅದರ ಮೇಲೆ ಸಾಲಾಗಿ ನಿಂತ ಉಪಸ್ವರಗಳನ್ನು ಕೇಳಿ ನಮ್ಮ ಮಿದುಳು ಬುಡವನ್ನು ಊಹಿಸಿಕೊಳ್ಳುತ್ತದೆ. ಮೊಬೈಲಿನ ಸ್ಪೀಕರು ಬದುಕಿರುವುದು ಈ ಊಹೆಯ ಮೇಲೆ.

ಇದನ್ನು ತಿಳಿದಾಗ ನಮ್ಮ ಕಾವ್ಯಮೀಮಾಂಸೆಯ ಪಾಠ ನೆನಪಿಗೆ ಬಾರದಿರದು. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ, ಹೇಳದೆ ಹೊಳೆಯುವ ಅರ್ಥವನ್ನು ಕಾವ್ಯದ ಆತ್ಮವೆಂದು ಕರೆದು ಅದಕ್ಕೆ ಧ್ವನಿ ಎಂದು ಹೆಸರಿಟ್ಟ. ನಮ್ಮ ಕವಿರಾಜಮಾರ್ಗವೂ ಧ್ವನಿಯ ಹೆಸರನ್ನು ಎತ್ತುತ್ತದೆ, ಅಲಂಕಾರಗಳ ಸಾಲಿನಲ್ಲಿಟ್ಟು. ಮುಂದೆ ಮಹಿಮಭಟ್ಟನೆಂಬವನು ಬಂದು, ಇದರಲ್ಲಿ ಹೊಸತೇನೂ ಇಲ್ಲ, ಹೊಗೆ ಕಂಡು ಬೆಂಕಿಯನ್ನು ಊಹಿಸಿದಂತೆ ಇದೂ ಒಂದು ಅನುಮಾನ ಎಂದು ವಾದಿಸಿದ. ಸಹೃದಯರು ಅವನ ಮಾತನ್ನು ಒಪ್ಪಲಿಲ್ಲ. ಮೊಬೈಲಿನಲ್ಲಿ ಮಾತ್ರ ಮಹಿಮಭಟ್ಟನೇ ಗೆದ್ದಿದ್ದಾನೆ ಎನ್ನಬೇಕು. ಅಲ್ಲಿ ಕೇಳುವುದು ಹೊಗೆ. ಬೆಂಕಿ ನಮ್ಮ ಊಹೆ. ಹಿಂದೆ ಬೆಂಕಿಯ ಬಳಿ ಕುಳಿತು ಬಲ್ಲವನಿಗೆ ಊಹೆ ಸುಲಭ. ಮದ್ದಳೆಯ ಪಕ್ಕದಲ್ಲಿ ಒಮ್ಮೆಯೂ ಕುಳಿತಿರದ ಹುಡುಗನಿಗೆ ಊಹಿಸುವುದಕ್ಕೆ ಆಧಾರವೇನು?

ಮದ್ದಳೆಯ ವಿಚಾರಕ್ಕೆ ಬರೋಣ, ಏಕೆಂದರೆ ನಷ್ಟದ ಲೆಕ್ಕ ಸ್ಪಷ್ಟವಾಗಿ ಕಾಣುವುದು ಅಲ್ಲಿ. ಬರಿಯ ಚರ್ಮವನ್ನು ಬಿಗಿದು ಬಡಿದರೆ ಅದರಿಂದ ಏಳುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಹಾಗಾಗಿ ತಮಟೆಗೆ ಪೆಟ್ಟು ಇದೆ, ಶ್ರುತಿ ಇಲ್ಲ. ಮೃದಂಗ, ತಬಲಗಳ ನಡುವೆ ಹಚ್ಚುವ ಕಪ್ಪು ಕರಣೆ ಆ ಉಪಸ್ವರಗಳನ್ನು ತಂತಿವಾದ್ಯದಲ್ಲಿರುವಂತೆ ಸಾಲಾಗಿ ನಿಲ್ಲಿಸುತ್ತದೆ ಎಂಬುದನ್ನು ಸಿ. ವಿ. ರಾಮನ್ನರು 1920ರಲ್ಲಿ ಶಿವಕಾಲಿ ಕುಮಾರರೊಡನೆ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ಬೆಂಗಳೂರಿಗೆ ಬಂದ ಮೇಲೆ ಅದನ್ನೇ ವಿಸ್ತರಿಸಿ ಬರೆದರು. ಬೆಳಕಿನ ಚೆದರಿಕೆಗೆ ನೊಬೆಲ್ ಪಡೆದವರು ಚರ್ಮವಾದ್ಯದ ಮುಂದೆಯೂ ಅಷ್ಟೇ ಗಂಭೀರವಾಗಿ ಕುಳಿತಿದ್ದರೆಂಬುದು ನಮ್ಮ ಹಿಮ್ಮೇಳದವರು ಹೆಮ್ಮೆಪಡುವ ಸಂಗತಿ. ನಮ್ಮ ಮದ್ದಳೆಯ ಬಲಮುಖಕ್ಕೂ ಅದೇ ಕರಣೆ. ಅದನ್ನು ಭಾಗವತರ ಶ್ರುತಿಗೆ ಕೂಡಿಸುತ್ತಾರೆ. ಎಡಮುಖಕ್ಕೆ ಬೋನ ಹಚ್ಚಿ ದನಿಯನ್ನು ತಗ್ಗಿಸುತ್ತಾರೆ. ಎಡದ ಆ ಗುಂಕಾರ ಇನ್ನೂರು ಕಂಪನಗಳ ಕೆಳಗಿನದು.

ಮೊಬೈಲಿನಲ್ಲಿ ಬಲದ ನಾದ ಬರುತ್ತದೆ, ಎಡದ್ದು ಬರುವುದಿಲ್ಲ. ಕೇಳುಗನಿಗೆ ಮದ್ದಳೆ ನುಡಿಯುತ್ತಿದೆ ಎಂದು ತಿಳಿಯುತ್ತದೆ. ತಾಳ ತಪ್ಪಿತೋ ಇಲ್ಲವೋ ಎಂದೂ ತಿಳಿಯುತ್ತದೆ. ಪದದ ಭಾರವನ್ನು ಕೆಳಗಿನಿಂದ ಹೊತ್ತು ನಿಂತ ಕೈ ಮಾತ್ರ ಕಾಣೆ. ಕರುಣರಸದ ಪದವೊಂದರಲ್ಲಿ ಮದ್ದಳೆಗಾರ ಬಲಗೈಯನ್ನು ಬಹುಮಟ್ಟಿಗೆ ನಿಲ್ಲಿಸಿ, ಎಡದಲ್ಲಿ ಬೆರಳೊತ್ತಿ ಒಂದು ನಿಟ್ಟುಸಿರಿನಂಥ ದನಿ ತೆಗೆಯುವುದುಂಟು. ಮೊಬೈಲಿನಲ್ಲಿ ಆ ಗಳಿಗೆಗೆ ಮದ್ದಳೆಗಾರ ಸುಮ್ಮನೆ ಕುಳಿತಿದ್ದಾನೆ ಎಂದೇ ಭಾಸವಾಗುತ್ತದೆ. ಅವನ ಅತ್ಯುತ್ತಮ ಗಳಿಗೆ ಯಂತ್ರದ ಲೆಕ್ಕದಲ್ಲಿ ಮೌನ. ಇಂಥ ಯಂತ್ರದಲ್ಲಿ ಕೇಳಿ, ಇಂಥವರ ಮದ್ದಳೆ ಚುರುಕು, ಇಂಥವರದು ಮಂದ ಎಂದು ತೀರ್ಪು ಕೊಡುವವರು ಈಗ ಬೇಕಾದಷ್ಟಿದ್ದಾರೆ.

ಪುತ್ತೂರಿನಲ್ಲಿ ನನ್ನ ಗೆಳೆಯರೊಬ್ಬರಿದ್ದಾರೆ. ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಮನೆಯವರ ವಿರೋಧದ ನಡುವೆಯೂ ಒಂದು ಆಂಪ್ಲಿಫೈಯರಿಗೂ ಸೊಂಟದೆತ್ತರದ ಎರಡು ಸ್ಪೀಕರುಗಳಿಗೂ ವಿನಿಯೋಗಿಸಿದವರು. ಕಳೆದ ಆಷಾಢದಲ್ಲಿ ಅವರ ಮನೆಯಲ್ಲಿ ಒಂದು ಮಧ್ಯಾಹ್ನವಿಡೀ ನಾವು ಕೇಳಿದುದು ಎರಡು ಮುದ್ರಣಗಳನ್ನು. ಮೊದಲನೆಯದು 1980ರ ದಶಕದ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ತಾಳಮದ್ದಳೆ. ಎರಡನೆಯದು ಹಿಂದಿನ ವರ್ಷದ ಒಂದು ಕೂಟವನ್ನು ಸಭೆಯಲ್ಲಿ ಕುಳಿತವರೊಬ್ಬರು ಮೊಬೈಲಿನಲ್ಲಿ ಹಿಡಿದುದು. ಎರಡನ್ನೂ ಮೊದಲು ಮೊಬೈಲಿನ ಸ್ಪೀಕರಿನಲ್ಲೇ ಕೇಳಿದೆವು. ಹೊಸತು ಸ್ವಚ್ಛವಾಗಿತ್ತು, ಹಳೆಯದರಲ್ಲಿ ಟೇಪಿನ 'ಸ್ಸ್' ಸದ್ದು. ಹೊಸತೇ ಮೇಲೆಂದು ಮನೆಯ ಮಕ್ಕಳು ತೀರ್ಮಾನಿಸಿ ಎದ್ದು ಹೋದರು. ಆ ಮೇಲೆ ದೊಡ್ಡ ಯಂತ್ರಕ್ಕೆ ಹಾಕಿದರೆ ಪಕ್ಷವೇ ತಿರುಗಿತು. ಕ್ಯಾಸೆಟ್ಟಿನ 'ಸ್ಸ್' ಎರಡು ನಿಮಿಷದಲ್ಲಿ ಕಿವಿಯಿಂದ ಜಾರಿ ಹೋಯಿತು. ಹಿಂದೆ ಒಂದು ಕೋಣೆ ಕಾಣಿಸಿತು, ಭಾಗವತರು ಅರ್ಥಧಾರಿಗಿಂತ ಎರಡು ಮಾರು ಹಿಂದೆ ಕುಳಿತಿರುವುದು ಕಾಣಿಸಿತು, ಮದ್ದಳೆಯ ಎಡಗೈ ನೆಲದ ಮೂಲಕ ಕಾಲಿಗೆ ತಾಗಿತು. ಹೊಸ ಮುದ್ರಣವಾದರೋ ದೊಡ್ಡ ಯಂತ್ರದಲ್ಲಿ ಕೇಳುವುದಕ್ಕೇ ಆಗಲಿಲ್ಲ. ಎಲ್ಲರೂ ಒಂದೇ ಗೋಡೆಗೆ ಅಂಟಿಸಿದ ಚಿತ್ರಗಳಂತೆ ಒಂದೇ ದೂರದಲ್ಲಿದ್ದರು. ಚೆಂಡೆ ಬಿದ್ದಾಗಲೆಲ್ಲ ಭಾಗವತರ ದನಿ ನೀರಿನಲ್ಲಿ ಮುಳುಗಿ ಏಳುತ್ತಿತ್ತು.

ಇದಕ್ಕೆ ಕಾರಣ ಹೇಳಬೇಕು, ಏಕೆಂದರೆ ಈ ಚರ್ಚೆಯಲ್ಲಿ ಯಾರೂ ಮುಟ್ಟದ ವಿಷಯ ಇದೇ. ಮೊಬೈಲು ಕೇಳಿಸುವ ಯಂತ್ರ ಮಾತ್ರವಲ್ಲ, ಕೇಳಿಸಿಕೊಳ್ಳುವ ಯಂತ್ರವೂ ಹೌದು. ಅದನ್ನು ಮಾಡಿದವರು ಅದಕ್ಕೆ ಕಲಿಸಿರುವುದು ಮನುಷ್ಯರ ಸಂಭಾಷಣೆಯನ್ನು. ಹತ್ತಿರದವನು ಕೂಗಿದರೆ ತಗ್ಗಿಸು, ದೂರದವನು ಪಿಸುಗುಟ್ಟಿದರೆ ಏರಿಸು ಎಂಬ ಸ್ವಯಂಚಾಲಿತ ವ್ಯವಸ್ಥೆ ಅದರೊಳಗಿದೆ. ಸಂಭಾಷಣೆಗೆ ಇದು ಉಪಕಾರ. ತಾಳಮದ್ದಳೆಯಲ್ಲಿ ಏನಾಗುತ್ತದೆ? ಚೆಂಡೆಯ ಮೊದಲ ಪೆಟ್ಟು ಬಿದ್ದೊಡನೆ ಯಂತ್ರ ಬೆಚ್ಚಿ ಎಲ್ಲವನ್ನೂ ತಗ್ಗಿಸಿಬಿಡುತ್ತದೆ. ಚೆಂಡೆಯ ಜೊತೆಗೆ ಪದವೂ ತಗ್ಗುತ್ತದೆ. ಚೆಂಡೆ ನಿಂತು ಸಭೆ ಉಸಿರು ಬಿಗಿಹಿಡಿದಾಗ, ಅರ್ಥಧಾರಿ ಮಾತಿಗೆ ಮುನ್ನ ಒಂದು ಗಳಿಗೆ ತಡೆದಾಗ, ಯಂತ್ರಕ್ಕೆ ಆ ಮೌನ ಸಹಿಸದು. ಏರಿಸುತ್ತದೆ. ಆ ಎಡೆಯಲ್ಲಿ ಹಂಚಿನ ಮೇಲಿನ ಮಳೆ, ಫ್ಯಾನಿನ ಗರಗರ, ಹಿಂದಿನ ಸಾಲಿನವರ ಕೆಮ್ಮು, ಇವೆಲ್ಲ ಅರ್ಥಧಾರಿಗಿಂತ ಮೊದಲು ಪ್ರವೇಶ ಮಾಡುತ್ತವೆ. ಗಟ್ಟಿಯದು ಮೆತ್ತಗಾಗಿ, ಮೆತ್ತಗಿನದು ಗಟ್ಟಿಯಾಗಿ, ಏರಿಳಿತವೆಂಬುದೇ ಅಳಿದುಹೋಗುತ್ತದೆ. ಇನ್ನೂ ಒಂದು ತಮಾಷೆಯುಂಟು. ಗದ್ದಲವನ್ನು ಅಡಗಿಸುವ ವ್ಯವಸ್ಥೆ ಗದ್ದಲವೆಂದು ಗುರುತಿಸುವುದು ಬದಲಾಗದೆ ಒಂದೇ ಸಮನೆ ಬರುವ ಸದ್ದನ್ನು. ನಮ್ಮ ಹಿಮ್ಮೇಳದಲ್ಲಿ ಬದಲಾಗದೆ ಒಂದೇ ಸಮನೆ ಬರುವುದು ಶ್ರುತಿ. ಕರೆಗೆಂದು ಮಾಡಿದ ಇಂಥ ವ್ಯವಸ್ಥೆಯ ಮೂಲಕ ಮನೆಯಲ್ಲಿ ಕುಳಿತು ಹಾಡುವವರ ಶ್ರುತಿಪೆಟ್ಟಿಗೆ ಬಂದು ಬಂದು ಹೋಗುವುದನ್ನು 2020ರ ಅಂತರ್ಜಾಲ ಕೂಟಗಳಲ್ಲಿ ಕೇಳಿದವರು ಮರೆತಿರಲಾರರು.

ಗ್ರಂಥಸಂಪಾದನೆ ಮಾಡಿದವರಿಗೆ ಇದು ಅಪರಿಚಿತ ಸಂಕಟವಲ್ಲ. ಓಲೆಯನ್ನು ನಕಲು ಮಾಡಿದ ಲಿಪಿಕಾರ ಅಕ್ಷರ ಬಿಟ್ಟರೆ ಸಂಪಾದಕ ಛಂದಸ್ಸಿನಿಂದ ಅದನ್ನು ಕಂಡುಹಿಡಿದಾನು. ಲಿಪಿಕಾರ ತಾನೇ ಜಾಣನಾಗಿ ತನಗೆ ತಿಳಿಯದ ಪದವನ್ನು ತಿಳಿದ ಪದವಾಗಿ ತಿದ್ದಿಬಿಟ್ಟರೆ ಮೂಲಪಾಠ ಸಿಕ್ಕುವುದು ದುರ್ಲಭ. ಟೇಪಿನ 'ಸ್ಸ್' ಮೊದಲನೆಯ ಬಗೆಯ ದೋಷ. ಹುಳು ತಿಂದ ಓಲೆಯಂತೆ, ಕಾಣುತ್ತದೆ, ಅದರಾಚೆ ಓದಬಹುದು. ಮೊಬೈಲಿನದು ಜಾಣ ಲಿಪಿಕಾರನ ದೋಷ. ಪುಟ ನೋಡುವುದಕ್ಕೆ ಶುಭ್ರ, ಪಾಠ ಕೆಟ್ಟಿದೆ. ಅಂಥ ಪ್ರತಿಯನ್ನು ಎಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದರೇನು? ಲಕ್ಷ ರೂಪಾಯಿಯ ಸ್ಪೀಕರು ಮಾಡುವುದೂ ಅಷ್ಟೇ, ಕೆಟ್ಟ ಪಾಠವನ್ನು ದೊಡ್ಡ ಅಕ್ಷರದಲ್ಲಿ ತೋರಿಸುವುದು. ವಾಟ್ಸ್‌ಆ್ಯಪಿನಲ್ಲಿ ಕೈಯಿಂದ ಕೈಗೆ ದಾಟುವಾಗ ಚಿತ್ರವನ್ನೂ ದನಿಯನ್ನೂ ಹಿಂಡಿ ಹಗುರ ಮಾಡುವುದು ಬೇರೆ.

ಹಿಂಡುವ ವಿದ್ಯೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಗಟ್ಟಿ ನಾದದ ನೆರಳಿನಲ್ಲಿ ಅಡಗಿ ಕಿವಿಗೆ ಹೇಗೂ ಕೇಳಿಸದುದನ್ನು ಬಿಟ್ಟುಬಿಡುವುದು ಅದರ ತತ್ತ್ವ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ಅದನ್ನು ಬೆಳೆಸಿದರು. ವಾದ್ಯಗಳೇನೂ ಇಲ್ಲದ ಸೂಝನ್ ವೇಗಾ ಎಂಬ ಗಾಯಕಿಯ ಒಂಟಿ ದನಿ ಅವರನ್ನು ಬಹಳ ಕಾಡಿತಂತೆ. ಅದನ್ನೇ ಒರೆಗಲ್ಲಾಗಿ ಇಟ್ಟುಕೊಂಡು ತಮ್ಮ ಲೆಕ್ಕವನ್ನು ತಿದ್ದಿದರು. ಹಿತವಾದ ಪ್ರಮಾಣದಲ್ಲಿ ಹಿಂಡಿದ ಹಾಡನ್ನೂ ಮೂಲವನ್ನೂ ಬೇರ್ಪಡಿಸಿ ಹೇಳುವ ಕಿವಿ ಅಪರೂಪ. ಆದರೆ ಹಿಂಡಿದುದನ್ನು ಮತ್ತೆ ಹಿಂಡಿ, ಅದನ್ನು ಇನ್ನೊಮ್ಮೆ ಹಿಂಡಿದರೆ ಕಬ್ಬಿನ ಜಲ್ಲೆಯಲ್ಲಿ ಉಳಿಯುವುದೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಯಂತ್ರ ಕಲೆಯನ್ನು ಹೊತ್ತು ತರುತ್ತದೆ ಎಂದುಕೊಂಡಾಗಲೇ ಅದು ಕಲೆಯನ್ನು ತನ್ನ ಅಳತೆಗೆ ಕೊಯ್ಯುತ್ತಿರುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನಗಳಿವೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ, ಗಂಟೆಗಟ್ಟಲೆ ಬೆಳೆಯುವ ರಾಗ ತಟ್ಟೆಯ ಮೂರು ನಿಮಿಷಗಳೊಳಗೆ ಮುಗಿಯಬೇಕಾಯಿತು. 1915ರಿಂದ ಮುಂದಕ್ಕೆ ಅಮೆರಿಕದಲ್ಲಿ ಎಡಿಸನ್ನನ ಕಂಪೆನಿ ಊರೂರುಗಳಲ್ಲಿ ಒಂದು ಪ್ರದರ್ಶನ ನಡೆಸಿತು. ರಂಗದ ಮೇಲೆ ಗಾಯಕಿ, ಪಕ್ಕದಲ್ಲಿ ಯಂತ್ರ. ದೀಪವಾರಿಸಿದ ಮೇಲೆ ಯಾರು ಹಾಡುತ್ತಿದ್ದಾರೆಂದು ಜನ ಹೇಳಬೇಕು. ಜನರಿಗೆ ತಿಳಿಯಲಿಲ್ಲ, ಯಂತ್ರ ಪರಿಪೂರ್ಣವೆಂದು ಪತ್ರಿಕೆಗಳು ಹೊಗಳಿದುವು. ಆ ಯಂತ್ರಕ್ಕೆ ವಿದ್ಯುತ್ತಿನ ಸಹಾಯವೂ ಇರಲಿಲ್ಲ, ಇಂದು ಕೇಳಿದರೆ ಡಬ್ಬಿಯೊಳಗಿನ ದನಿ. ಹಾಗಾದರೆ ಜನ ಮೋಸಹೋದುದು ಹೇಗೆ? ಆ ಪ್ರದರ್ಶನಗಳ ಪ್ರಸಿದ್ಧ ಗಾಯಕಿ ಆನಾ ಕೇಸ್ ಬಹಳ ವರ್ಷಗಳ ಮೇಲೆ ಗುಟ್ಟು ಬಿಟ್ಟುಕೊಟ್ಟಳು: ತನ್ನ ದನಿಯನ್ನು ತಗ್ಗಿಸಿ ಯಂತ್ರದ ದನಿಗೆ ಹೊಂದಿಸಿಕೊಂಡು ಹಾಡುತ್ತಿದ್ದಳಂತೆ. ಯಂತ್ರ ಗಾಯಕಿಯಂತೆ ಹಾಡಿದುದಲ್ಲ, ಗಾಯಕಿ ಯಂತ್ರದಂತೆ ಹಾಡಿದುದು.

ಈ ಕಥೆಯನ್ನು ಓದಿದ ಮೇಲೆ ನಮ್ಮ ಭಾಗವತಿಕೆಯ ಇಂದಿನ ಗತಿಯನ್ನು ನೋಡಿದರೆ ಮನಸ್ಸು ಕಳವಳಗೊಳ್ಳುತ್ತದೆ. ಬಲಿಪ ನಾರಾಯಣ ಭಾಗವತರು (1938–2023) ಪ್ರತಿನಿಧಿಸಿದ ತೆಂಕಿನ ಹಳೆಯ ಕ್ರಮ, ಮೈಕಿಲ್ಲದ ಬಯಲಿನಲ್ಲಿ ಚೆಂಡೆಯನ್ನು ದಾಟಿ ದೂರದ ಗದ್ದೆಯ ಬದುವಿಗೆ ಮುಟ್ಟಬೇಕಾದ ತೆರೆದ ಕಂಠದ್ದು. ಆ ದನಿ ಮೊಬೈಲಿನ ಸ್ಪೀಕರಿನಲ್ಲಿ ಕರ್ಕಶವೆನಿಸುವುದು ಅನಿವಾರ್ಯ. ಅದರ ಮೇಲಿನ ಮೊನೆಯನ್ನೆಲ್ಲ ಯಂತ್ರ ಉಳಿಸಿಕೊಂಡು, ಮೊನೆಯನ್ನು ಹೊತ್ತ ಎದೆಯ ದನಿಯನ್ನು ಬಿಟ್ಟುಬಿಡುತ್ತದೆ. ಮೈಕಿಗೆ ಬಾಯಿ ತಾಗಿಸಿ ನವುರಾಗಿ ಎಳೆಯುವ ಆಲಾಪನೆಗೆ ಅದೇ ಯಂತ್ರ ಬಹಳ ಅನುಕೂಲ. ಆದುದರಿಂದ ಇಂದಿನ ಎಳೆಯ ಕೇಳುಗ ಹಳೆಯ ಕ್ರಮವನ್ನು ಒರಟು ಎನ್ನುತ್ತಾನೆ. ಇಂದಿನ ಎಳೆಯ ಭಾಗವತ ಅವನ ಮಾತನ್ನು ಕೇಳಿ ಪ್ರಸಂಗದ ನಡೆಯನ್ನು ನಿಲ್ಲಿಸಿ ರಾಗದ ಮಾಲೆ ಪೋಣಿಸುತ್ತಾನೆ. ಅರ್ಧ ನಿಮಿಷದ ತುಣುಕಾಗಿ ಅದು ಊರೂರು ಸುತ್ತುತ್ತದೆ. ಅರ್ಥಧಾರಿ ಕಾಯುತ್ತ ಕೂರುತ್ತಾನೆ. ಹಳೆಯದೆಲ್ಲ ಚೆನ್ನ, ಹೊಸತೆಲ್ಲ ಹುಸಿ ಎಂದು ನಾನು ಹೇಳುತ್ತಿಲ್ಲ. ಹೊಸಬರಲ್ಲಿ ಒಳ್ಳೆಯ ಕಂಠಗಳಿವೆ. ಆದರೆ ಎರಡು ಶೈಲಿಗಳ ನಡುವೆ ತೀರ್ಪು ಕೊಡಲು ಒಂದು ಶೈಲಿಯ ಅರ್ಧ ದೇಹವನ್ನು ಮೊದಲೇ ಕತ್ತರಿಸಿದ ಸಾಕ್ಷಿಯನ್ನು ಕರೆಯುವುದು ನ್ಯಾಯವಲ್ಲ. ವಿಮರ್ಶೆಯೆಂಬುದು ಈಗ ನಡೆಯುತ್ತಿರುವುದು ಇಂಥ ಸಾಕ್ಷಿಯ ಮೇಲೆ.

ತರಗತಿಯಲ್ಲಿ ಒಂದು ಸಲ ವಾಲಿವಧೆಯ ಧರ್ಮಾಧರ್ಮಗಳ ಮಾತು ಬಂದಾಗ, ತಾಳಮದ್ದಳೆಯಲ್ಲಿ ಆ ವಾದವನ್ನು ಪೂರ್ತಿ ಕೇಳಿದವರುಂಟೋ ಎಂದು ವಿಚಾರಿಸಿದೆ. ಒಬ್ಬ ಹುಡುಗ ಎದ್ದು, "ಪೂರ್ತಿ ಯಾಕೆ ಸಾರ್ ಕೇಳುದು? ಒಳ್ಳೆದು ಇರುವಲ್ಲಿಯದ್ದು ವಾಟ್ಸಪ್ಪಿಗೆ ಬಂದಿದೆ" ಎಂದ. ಚುರುಕು ಹುಡುಗ, ಅವನು ಕೇಳಿದ ತುಣುಕೂ ಒಳ್ಳೆಯದೇ. ಆದರೆ ವಾಲಿಯ ಆ ಮಾತು ಯಾವ ಪ್ರಶ್ನೆಗೆ ಉತ್ತರವೆಂದು ಅವನಿಗೆ ತಿಳಿದಿರಲಿಲ್ಲ. ಎರಡು ಗಂಟೆ ಕಟ್ಟಿದ ವಾದದ ಕಡೆಯ ಕಲ್ಲನ್ನು ಕಂಡು ಅವನು ಅದನ್ನೇ ದೇವಸ್ಥಾನವೆಂದುಕೊಂಡಿದ್ದ.

ಇಷ್ಟು ಹೇಳಿದ ಮೇಲೆ ಮೊಬೈಲಿನ ಪರವಾಗಿ ನಾನೇ ವಾದಿಸಬೇಕಾದ ಒಂದು ಅಂಶವಿದೆ. ಸ್ಪೀಕರನ್ನು ಬಿಟ್ಟು ಒಂದು ಸಾಧಾರಣ ತಂತಿಯ ಇಯರ್‌ಫೋನನ್ನು ಕಿವಿಗೆ ಸರಿಯಾಗಿ ಕೂಡಿಸಿಕೊಂಡರೆ ಚಿತ್ರ ಬದಲಾಗುತ್ತದೆ. ಕಿವಿಯ ಕೊಳವೆಯೊಳಗಿನ ಅಷ್ಟು ಸಣ್ಣ ಗಾಳಿಯನ್ನು ತಳ್ಳಲು ಸಣ್ಣ ಪೊರೆಯೂ ಸಾಕು. ಮದ್ದಳೆಯ ಎಡಗೈ ಮರಳಿ ಬರುತ್ತದೆ. (ಆ ತಂತಿಯನ್ನು ಸಿಕ್ಕಿಸುವ ತೂತನ್ನು 2016ರಲ್ಲಿ ಐಫೋನಿನವರು ಮುಚ್ಚಿದರು, ಹಲವರು ಹಿಂಬಾಲಿಸಿದರು. ತಂತಿಯಿಲ್ಲದುದು ಇನ್ನೊಂದು ಹಿಂಡುವಿಕೆ. ಆದರೂ ಬಳಕೆಗೆ ಅಡ್ಡಿಯಿಲ್ಲ.) ಅರ್ಥಗಾರಿಕೆಗಂತೂ ಇಯರ್‌ಫೋನಿನಷ್ಟು ಒಳ್ಳೆಯ ಆಸನ ಸಭೆಯ ಮೊದಲ ಸಾಲಿನಲ್ಲೂ ದೊರೆಯದು. ಶೇಣಿಯವರು ಒಂದು ವಾಕ್ಯದ ನಡುವೆ ಉಸಿರೆಳೆದುಕೊಳ್ಳುವ ರೀತಿ, ಎದುರಾಳಿಯ ಮಾತಿಗೆ ಬಾಯೊಳಗೇ ಒಂದು 'ಹೂಂ', ಇವು ದೊಡ್ಡ ಯಂತ್ರದಲ್ಲಿ ಕೋಣೆಯ ಗಾಳಿಗೆ ಬೆರೆತು ಕರಗುತ್ತವೆ, ಕಿವಿಯೊಳಗೆ ಕರಗುವುದಿಲ್ಲ. ಮಾತು ಬಾಳುವುದಕ್ಕೆ ಬೇಕಾದ ಕಂಪನಗಳ 'ಎಡೆ' ಕಿರಿದು. ಮಧ್ಯಮ ತರಂಗದ ರೇಡಿಯೋ ನಾಲ್ಕೈದು ಸಾವಿರಕ್ಕಿಂತ ಮೇಲಿನದನ್ನು ಕೊಡುತ್ತಿರಲಿಲ್ಲವಾದರೂ ಒಂದು ತಲೆಮಾರು ಅದರಲ್ಲೇ ಅರ್ಥ ಕೇಳಿ ಬೆಳೆದುದು ಅದಕ್ಕಾಗಿಯೇ. ಹಾಸಿಗೆ ಹಿಡಿದ ಹಿರಿಯರಿಗೆ, ಮುಂಬಯಿಯಲ್ಲೂ ಕೊಲ್ಲಿ ದೇಶಗಳಲ್ಲೂ ದುಡಿಯುವ ನಮ್ಮ ಊರವರಿಗೆ ಮೊಬೈಲು ತಂದುಕೊಟ್ಟ ಸುಖವನ್ನು ಹಗುರವಾಗಿ ಕಾಣುವವನಿಗೆ ಕಲೆಯ ಮಾತಾಡುವ ಅಧಿಕಾರವಿಲ್ಲ.

ಒಂದು ಕೊರತೆ ಮಾತ್ರ ಎರಡು ಯಂತ್ರಗಳಿಗೂ ಸಮಾನ. ಹಾಸ್ಯದ ಮಾತೊಂದು ಬಿದ್ದಾಗ ಸಭೆ ನಗುತ್ತದೆ. ಆ ನಗೆಯನ್ನು ಕೇಳಿ ಅರ್ಥಧಾರಿ ಇನ್ನೊಂದು ಎಳೆ ಬಿಡುತ್ತಾನೆ. ಇಯರ್‌ಫೋನಿನವನು ಬಸ್ಸಿನಲ್ಲಿ ಒಬ್ಬನೇ ನಕ್ಕರೆ ಪಕ್ಕದವನು ಸರಿದು ಕೂರುತ್ತಾನೆ, ಅರ್ಥಧಾರಿಗೆ ಅದು ಮುಟ್ಟುವುದೂ ಇಲ್ಲ. ಪುತ್ತೂರಿನ ಗೆಳೆಯರ ಮನೆಯಲ್ಲಿ ಕಡೆಗೆ ನಾವಿಬ್ಬರೇ ಕುಳಿತಿದ್ದೆವೆಂಬುದನ್ನು ಆಗಲೇ ಹೇಳಿದೆ. ಒಳ್ಳೆಯ ಯಂತ್ರ ಒಳ್ಳೆಯ ಒಂಟಿತನವನ್ನೇ ಕೊಟ್ಟಿತು.

ಆದರೂ ಯಂತ್ರದ ಕಡೆಯಿಂದ ಆಗಬಹುದಾದ ಕೆಲಸ ಒಂದಿದೆ, ಅದು ಕೇಳುವ ಕೊನೆಯಲ್ಲಿಲ್ಲ, ಮುದ್ರಿಸುವ ಕೊನೆಯಲ್ಲಿದೆ. ಇಂದಿನ ಹಿರಿಯ ಅರ್ಥಧಾರಿಗಳ, ಭಾಗವತರ ದನಿ ಮುಂದಿನವರಿಗೆ ಉಳಿಯುವುದು ಇಂದು ಯಾರೋ ಹಿಡಿದಿಟ್ಟ ರೂಪದಲ್ಲಿ ಮಾತ್ರ. ಕೂಟ ನಡೆಸುವವರು ಹೂವಿಗೆ, ಶಾಲಿಗೆ, ಊಟಕ್ಕೆ ಲೆಕ್ಕ ಬರೆಯುವಾಗ ಒಂದು ಸಣ್ಣ ಧ್ವನಿಮುದ್ರಕಕ್ಕೂ ಒಂದು ಸಾಲು ಬರೆಯಲಿ. ಅದೂ ಆಗದಿದ್ದರೆ ಮೊಬೈಲಿನಲ್ಲೇ ಆಗಲಿ. ಆದರೆ ಅದನ್ನು ಸಭೆಯಲ್ಲಿ ಎತ್ತಿ ಹಿಡಿಯುವ ಬದಲು, ಭಾಗವತರಿಂದ ಎರಡು ಮಾರು ಮುಂದೆ, ಚೆಂಡೆಗೆ ಎದುರಾಗದಂತೆ ಓರೆಯಾಗಿ, ಒಂದು ಮಡಿಸಿದ ವಸ್ತ್ರದ ಮೇಲೆ ಇರಿಸಬೇಕು. ಮುದ್ರಿಸುವ ಆ್ಯಪಿನಲ್ಲಿ ಸ್ವಯಂಚಾಲಿತ ಏರಿಳಿತವನ್ನೂ ಗದ್ದಲ ಅಡಗಿಸುವುದನ್ನೂ ನಿಲ್ಲಿಸುವ ಗುಂಡಿ ಇದ್ದರೆ ಎರಡನ್ನೂ ನಿಲ್ಲಿಸಬೇಕು. ಚೆಂಡೆಯವರಿಗೆ ಮೊದಲೇ ಹೇಳಿ ಅವರ ಅತಿ ಗಟ್ಟಿಯ ಪೆಟ್ಟನ್ನು ಒಮ್ಮೆ ಬಾರಿಸಿ ತೋರಿಸುವಂತೆ ಕೇಳಿ, ಆ ಪೆಟ್ಟಿಗೆ ಒಡೆಯದ ಮಟ್ಟದಲ್ಲಿ ಯಂತ್ರವನ್ನು ನಿಲ್ಲಿಸಿ, ಮಂಗಳಪದದ ತನಕ ಅದನ್ನು ಯಾರೂ ಮುಟ್ಟಬಾರದು. ಮಾತು ಸ್ವಲ್ಪ ಮೆತ್ತಗೆ ಬಂತೆಂದು ಮನೆಯಲ್ಲಿ ಕೇಳುವವರು ಗೊಣಗಿಯಾರು. ಅವರು ತಮ್ಮ ಯಂತ್ರವನ್ನು ತುಸು ಏರಿಸಿಕೊಳ್ಳಲಿ.